ಮಡಚಿದ ಮೊಣಕಾಲಿನ ಎತ್ತರ

ಕ್ರೀಡಾ ತರಬೇತಿ ಕೇಂದ್ರಗಳ ಮಾನ್ಯ ನಿರ್ದೇಶಕರೇ,

ನನ್ನ ಮಗಳು ಲಿಗಾಯಾ ಡೆಂಗಿಯಿಂದ ಸತ್ತಳೆಂದು ನೀವು ಪತ್ರಿಕೆಗಳಿಗೆ ತಿಳಿಸಿದ್ದೀರಿ. ಅದು ಅರ್ಧ ಸತ್ಯ. ಜ್ವರದಲ್ಲಿದ್ದವಳನ್ನು ವಾಲಿಬಾಲ್ ಅಂಗಳಕ್ಕೆ ಅಟ್ಟಿದ್ದು ನಿಮ್ಮ ಆದೇಶ.

ನೆಗೆದವರ ಪಾದ ನೆಲ ಬಿಟ್ಟು ಮತ್ತೆ ನೆಲ ಮುಟ್ಟುವ ತನಕದ ಕಾಲವನ್ನು ಎಣಿಸಿ ಎತ್ತರ ಹೇಳುವ ನಿಮ್ಮ ವಿದ್ಯುತ್ ಚಾಪೆಯ ಮೇಲೆ ನನಗೆ ದ್ವೇಷವಿಲ್ಲ. ಬಳಲಿದ ದೇಹದ ನೆಗೆತ ಕುಸಿಯುತ್ತದೆ. ಕುಸಿದರೆ ವಿಶ್ರಾಂತಿ ಕೊಡಿ ಎಂದು ಎಚ್ಚರಿಸಲೆಂದೇ ಅದನ್ನು ತಂದದ್ದು. ತಾವೋ, ಎತ್ತರ ಕುಸಿದರೆ ತರಬೇತುದಾರರಿಗೆ ನೋಟಿಸ್ ಎಂದು ಆದೇಶಿಸಿದಿರಿ. ಜ್ವರ ಏರಿದರೆ ದಾದಿಗೆ ಛೀಮಾರಿ ಹಾಕುವ ಆಸ್ಪತ್ರೆಯಲ್ಲಿ ಯಾವ ರೋಗಿಗೆ ತಾನೇ ಜ್ವರ ಬಂದೀತು? ಹೀಗೆ ನಿಮ್ಮ ಕೇಂದ್ರದಲ್ಲಿ ಹೊಸ ವಿದ್ಯೆಯೊಂದು ಹುಟ್ಟಿತು. ಇಳಿಯುವಾಗ ಮೊಣಕಾಲು ಮಡಚಿದರೆ ಪಾದ ತಡವಾಗಿ ನೆಲ ಮುಟ್ಟುತ್ತದೆ. ಇಲ್ಲದ ಎತ್ತರವನ್ನು ಚಾಪೆ ಸಾರುತ್ತದೆ.

ಅವಳ ಕೊನೆಯ ಬೆಳಿಗ್ಗೆ ಗಂಜಿ ಹಿಡಿದು ಅಂಗಳಕ್ಕೆ ಹೋಗಿದ್ದ ನಾನೇ ಇದನ್ನು ಕಂಡೆ, ಕೇಳಿದೆ.

"ಕಾಲು ಮಡಚೇ ಹುಡುಗಿ! ನೀನು ನೆಟ್ಟಗಿಳಿದ್ರೆ ನನ್ನ ಕೆಲಸಾನೂ ಇಳಿಯುತ್ತೆ," ಎಂದರು ಕೋಚ್ ಡೆಲ್ಫಿನಾ.

"ಕಪ್ಪೆ ಥರ ಕಾಣ್ತೀನಿ ಕೋಚ್."

"ಕಪ್ಪೆಗೆ ಯಾರೂ ನೋಟಿಸ್ ಕೊಡಲ್ಲ. ಹಾರು!"

ಹುಡುಗಿಯರು ನಕ್ಕರು. ಮಗಳು ಹಾರಿದಳು. ಎತ್ತರ ಎಂದಿನಷ್ಟೇ ಬಂತು. ಕೋಚ್ ಅದನ್ನು ನಿಮಗೆ ಕಳಿಸುವ ಕೋಷ್ಟಕದಲ್ಲಿ ಬರೆದುಕೊಂಡರು.

"ಇವಳ ಹಣೆ ಮುಟ್ಟಿ ನೋಡಮ್ಮ, ಸುಡ್ತಿದೆ," ಎಂದೆ.

"ಹಣೆಗೆ ಆ ಕೋಷ್ಟಕದಲ್ಲಿ ಜಾಗ ಇಲ್ಲ ಅಣ್ಣಾ."

ಕೈ ಹಿಡಿದು ಮನೆಗೆ ಕರೆದೊಯ್ಯಲು ಹೊರಟೆ. ಮಗಳೇ ಬಿಡಿಸಿಕೊಂಡಳು: "ಬೇಡಪ್ಪಾ, ಪಾಪ, ಕೋಚ್ ಬೈಸ್ಕೋತಾರೆ." ಮಧ್ಯಾಹ್ನ ಬಲೆಯ ಕೆಳಗೆ ಕುಸಿದವಳು ಮತ್ತೆ ಏಳಲಿಲ್ಲ.

ಶವದ ಬಳಿ ಪ್ರಾರ್ಥನೆ ನಡೆದಾಗ ನಿಮ್ಮ ಪುಷ್ಪಚಕ್ರ ಬಂತು. ಅದರ ಪಟ್ಟಿಯಲ್ಲಿ ಅವಳಿಗಿಂತ ನಿಮ್ಮ ಹೆಸರೇ ದೊಡ್ಡದಿತ್ತು. ಅದನ್ನು ಬೀದಿಗೆಸೆದವನು ನಾನೇ. ಈಗ ಡೆಲ್ಫಿನಾ ಅವರನ್ನು ಅಮಾನತುಗೊಳಿಸಿ ಕೈ ತೊಳೆದಿದ್ದೀರಿ. ಅವರ ಪಾಲಿನ ಪಾಪವನ್ನು ನಾನು ಕ್ಷಮಿಸಿಲ್ಲ. ಆದರೆ ನಿಮ್ಮ ಪಾಲನ್ನೂ ಅವರ ತಲೆಗೆ ಕಟ್ಟಲು ಬಿಡೆನು. ಅವರೇ ನನ್ನ ಮೊದಲ ಸಾಕ್ಷಿ.

ಆ ಆದೇಶವನ್ನು ಇಂದೇ ಹಿಂಪಡೆಯಿರಿ. ರಾಜೀನಾಮೆಯನ್ನು ಮಾತ್ರ ಕೊಡಬೇಡಿ. ಅಷ್ಟು ಸುಲಭದ ಬಿಡುಗಡೆಯನ್ನು ನಾನು ಬಯಸುವುದಿಲ್ಲ. ಅಧಿಕಾರದಲ್ಲಿದ್ದುಕೊಂಡೇ ಅದೇ ಅಂಗಳದಲ್ಲಿ, ಎಲ್ಲ ಹೆತ್ತವರ ಎದುರು ವಿಚಾರಣೆಗೆ ನಿಲ್ಲಿ. ಕಾಲೇಜಿನಲ್ಲಿ ನಾನು ಚರ್ಚಾಪಟುವಾಗಿದ್ದೆ. ಎದುರಾಳಿಯ ಮಾತು ಮುಗಿಯುವ ತನಕ ಬಾಯಿ ತೆರೆಯುತ್ತಿರಲಿಲ್ಲ. ನಿಮ್ಮದೂ ಮುಗಿಯಲಿ. ಆಮೇಲೆ ನಾನು ಏಳುತ್ತೇನೆ.

ಇಂತಿ,
ನಿಮ್ಮ ಕೋಷ್ಟಕದಲ್ಲಿ ಇನ್ನೂ ಚೆನ್ನಾಗಿಯೇ ನೆಗೆಯುತ್ತಿರುವ ಹುಡುಗಿಯ ತಂದೆ,
ಆನ್ಸೆಲ್ಮೊ ಪಾಲ್ಮಾರೆಸ್
ಪನಾಯ್ ದ್ವೀಪ