ನೀಲಿಯ ಪೆಟ್ಟಿಗೆಯಿಂದ ತೆಗೆದ ಮರಿ

ಮಾರ್ಚ್ 9, ಭಾನುವಾರ

ಪ್ರೀತಿಯ ಮಗಳಿಗೆ ಅಮ್ಮನ ತುಂಬು ಮನಸ್ಸಿನ ಆಶೀರ್ವಾದಗಳು.

ಉತ್ತರ ಬರೆಯಲು ಎರಡು ತಿಂಗಳು ಹಿಡಿಯಿತು, ಕ್ಷಮಿಸು. ಶಾಲೆಯ ಸಮವಸ್ತ್ರಗಳ ಹೊಲಿಗೆ ತಲೆಯ ಮೇಲೆ ಕೂತಿತ್ತು ಎಂದು ನೆಪ ಹೇಳಬಹುದು. ನಿಜವೇನೆಂದರೆ ಧೈರ್ಯ ಸಾಲಲಿಲ್ಲ. ದೊಡ್ಡಮ್ಮ ಹೋದ ಮೇಲೆ ಆ ಮನೆಯಲ್ಲಿ ಒಬ್ಬಳೇ ಇರಲಾರೆ, ನಿನ್ನ ಜೊತೆ ಬಂದಿರಲಾ ಎಂದು ಕೇಳಿದ್ದೀಯೆ. ಎರಡು ವರ್ಷದ ಕೂಸಾಗಿದ್ದಾಗ ಅಕ್ಕನ ಮಡಿಲಿಗೆ ಹಾಕಿದ ಮಗಳು ಇಪ್ಪತ್ತಾರರಲ್ಲಿ ಹಾಗೆ ಕೇಳಿದರೆ ಯಾವ ತಾಯಿಯೂ ಎರಡು ತಿಂಗಳು ಯೋಚಿಸುವುದಿಲ್ಲ. ನಾನು ಯೋಚಿಸಿದೆ. ಕಾರಣ ಒಂದು ಗಿಳಿಮರಿ, ನಗಬೇಡ.

ಹೊಲಿಗೆ ಕೋಣೆಯಲ್ಲಿ ಎರಡು ಜೋಡಿ ಪುಟ್ಟ ಗಿಳಿಗಳನ್ನು ಸಾಕಿದ್ದೇನೆ, ಜನ ಲವ್ ಬರ್ಡ್ಸ್ ಅನ್ನುತ್ತಾರಲ್ಲ, ಅವು. ಅವುಗಳ ಗಲಾಟೆಯಲ್ಲಿ ಮಷೀನಿನ ಸದ್ದೂ ಕೇಳುವುದಿಲ್ಲ. ಹಸಿರು ಹೆಣ್ಣು ಗೂಡಿನ ಪೆಟ್ಟಿಗೆಯಲ್ಲಿ ಆರು ಮೊಟ್ಟೆಯಿಟ್ಟಿತು. ದಿನ ಬಿಟ್ಟು ದಿನ ಒಂದೊಂದೇ ಒಡೆದು, ಕೊನೆಯದು ಹೊರಬರುವಾಗ ಮೊದಲನೆಯದು ಅದರ ನಾಲ್ಕರಷ್ಟಾಗಿತ್ತು. ದೊಡ್ಡವು ಬಾಯಿ ತೆರೆದು ಮೇಲೆ ಬಿದ್ದರೆ ಚಿಕ್ಕದಕ್ಕೆ ತುತ್ತೆಲ್ಲಿ? ಕತ್ತಿನ ಚೀಲ ತುಂಬಿದೆಯೇ ಎಂದು ದಿನಾ ಬೆಳಿಗ್ಗೆ ಮುಟ್ಟಿ ನೋಡುತ್ತಿದ್ದೆ, ಅದರದ್ದು ಸದಾ ಖಾಲಿ.

ಕೆಳಗಿನ ಅಂಗಡಿಯ ಗಡಿಯಾರ ರಿಪೇರಿಯವರಿಗೆ ಹಕ್ಕಿ ಹುಚ್ಚು. "ಪಕ್ಕದ ಪೆಟ್ಟಿಗೆಯ ನೀಲಿ ಹೆಣ್ಣಿನ ಮರಿಗಳೂ ಇಷ್ಟೇ ಚಿಕ್ಕವು ಇದಾವಲ್ಲಮ್ಮ, ಅದರೊಳಗೆ ಸೇರಿಸಿಬಿಡಿ. ಅದಕ್ಕೇನು ಎಣಿಸೋಕೆ ಬರುತ್ತಾ?" ಎಂದರು. ಸೇರಿಸಿದೆ. ನೀಲಿ ತಲೆ ಓರೆ ಮಾಡಿ ಒಮ್ಮೆ ನೋಡಿತು, ಆಮೇಲೆ ಉಣಿಸಿತು. ಮೂರು ವಾರದಲ್ಲಿ ಮರಿ ಗುಂಡಗಾಗಿ, ಹಸಿರು ಪುಕ್ಕ ತಳೆದು, ನನ್ನ ಬೆರಳು ಕಚ್ಚುವಷ್ಟು ಜೋರಾಯಿತು.

ಆ ವಾರವೇ ನಿನ್ನ ಕಾಗದ ಬಂತು, ನನ್ನ ಬುದ್ಧಿ ಕೆಟ್ಟಿತು. ಮರಿ ಹೆತ್ತವಳ ಹತ್ತಿರವೇ ಇರಲಿ ಎಂದು ತಿರುಗಿ ಹಸಿರಿನ ಪೆಟ್ಟಿಗೆಗೆ ಹಾಕಲು ಹೊರಟೆ. ಗಡಿಯಾರದವರು, "ಬೇಡಮ್ಮ, ಅದು ಮತ್ತೆ ಮೊಟ್ಟೆ ಇಡೋಕೆ ಕೂತಿದೆ. ಈಗ ಹತ್ತಿರ ಸೇರಿಸಲ್ಲ" ಎಂದು ಸಾರಿ ಸಾರಿ ಹೇಳಿದರು. ಕೇಳಲಿಲ್ಲ. ಒಂದು ಅಂಗಿಗೆ ಗುಂಡಿ ಹಚ್ಚಿ ಬರುವಷ್ಟರಲ್ಲಿ ಆ ಹಸಿರು ತಾಯಿಹಕ್ಕಿ ಮರಿಯನ್ನು ಕುಕ್ಕಿ ಹಾಕಿತ್ತು. ನೆತ್ತಿಯ ಮೇಲೆ ಚರ್ಮವೇ ಇರಲಿಲ್ಲ. ಅಂಗೈಯಲ್ಲಿಟ್ಟುಕೊಂಡು ಕೂತೆ, ಮಧ್ಯಾಹ್ನದ ಹೊತ್ತಿಗೆ ಜೀವ ಹೋಯಿತು.

"ಥೂ, ನೀನೂ ಒಬ್ಬಳು ತಾಯಿಯಾ!" ಎಂದು ಪಂಜರದೆದುರು ನಿಂತು ಗಂಟಲು ಹರಿಯುವಂತೆ ಕಿರುಚಿದೆ. ಬಟ್ಟೆ ಕೊಡಲು ಬಂದಿದ್ದ ಹೆಂಗಸು ಹೆದರಿ ಹೊರಟೇ ಹೋದಳು. ಆಮೇಲೆ, ಮಗಳೇ, ತುಂಬಾ ಅತ್ತೆ. ಅವತ್ತಿನಿಂದ ನನ್ನನ್ನು ಕಂಡರೆ ನನಗೇ ಭಯ.

ನಿನಗೆಂದು ಕಿಟಕಿಯ ಕಡೆಯ ಕೋಣೆ ಖಾಲಿ ಮಾಡಿದ್ದೇನೆ. ಮಂಚದ ಕಾಲು ಸ್ವಲ್ಪ ಅಲುಗಾಡುತ್ತದೆ, ಬಡಗಿಗೆ ಹೇಳಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣು, ನಿನ್ನ ಕೆಮ್ಮು ಅಲಕ್ಷ್ಯ ಮಾಡಬೇಡ. ಎಲ್ಲಿದ್ದರೂ ನೂರು ಕಾಲ ತಣ್ಣಗೆ ಬಾಳು.

ನಿನ್ನನ್ನು ಹೆತ್ತ,
ಅಮ್ಮ

ತಾ.ಕ.: ನಿನ್ನಪ್ಪ ತೀರಿಕೊಂಡ ಮೇಲೆ ಸಾಕಲಾರದೆ ಕೊಟ್ಟೆ ಎಂದು ಎಲ್ಲರಿಗೂ ಹೇಳಿದ್ದೇನೆ. ಆಗ ಅದು ನಿಜ. ಆದರೆ ನಿನಗೆ ಏಳು ವರ್ಷವಾದಾಗ ನನ್ನ ಹೊಲಿಗೆ ಚೆನ್ನಾಗಿಯೇ ನಡೆಯುತ್ತಿತ್ತು. ಇನ್ನು ತಾಯಿಯ ಬಳಿಯೇ ಬೆಳೆಯಲಿ ಎಂದು ದೊಡ್ಡಮ್ಮ ನಿನ್ನನ್ನು ಇಲ್ಲಿಗೆ ಕರೆತಂದಿದ್ದಳು. ಎಷ್ಟು ಬಡಿದರೂ ಬಾಗಿಲು ತೆರೆಯಲಿಲ್ಲವೆಂದು, "ಅಮ್ಮ ಮನೇಲಿಲ್ಲ ಪುಟ್ಟಿ" ಎಂದು ಹೇಳಿ ವಾಪಸು ಕರೆದೊಯ್ದಳು. ಹೊರಗೆ ನನ್ನ ಚಪ್ಪಲಿ ಇತ್ತು, ಅವಳಿಗೆ ಗೊತ್ತಾಗಿರಲೇಬೇಕು. ಸಾಯುವವರೆಗೂ ನಿನಗೆ ಹೇಳಲಿಲ್ಲ, ಮಹಾತಾಯಿ. ನಾನು ಒಳಗೇ ಇದ್ದೆ, ಚಿಲಕ ಹಿಡಿದು ನಿಂತಿದ್ದೆ. ಒಬ್ಬಳೇ ಇರುವುದು ರೂಢಿಯಾಗಿತ್ತು, ನೀನು ಬೇಡವೆನಿಸಿತ್ತು. ಇದನ್ನು ಓದಿದ ಮೇಲೂ ಬರಬೇಕೆನಿಸಿದರೆ ಬಾ. ಅವತ್ತು ನೀನು ಬಾಗಿಲ ಸಂದಿಗೆ ಬಾಯಿಟ್ಟು "ಅಮ್ಮಾ, ನಾನು ಬಂದಿದೀನಿ" ಎಂದದ್ದು ನನಗೆ ಕೇಳಿಸಿತ್ತು.