ಪೂರ್ವಕ್ಕೆ ಮುಖ ಮಾಡಿದ ಸೌರಫಲಕಗಳು

ಮುಳಗುಂದ, ೧೪ ನವೆಂಬರ್ ೨೦೨೫, ಶುಕ್ರವಾರ.

ನಮ್ಮ ಮಾಳಿಗೆಯ ಸೌರಫಲಕಗಳನ್ನು ನನ್ನ ಹಳೆಯ ವಿದ್ಯಾರ್ಥಿ ವೀರು, ಹೆಚ್ಚು ಬಿಸಿಲು ಸಿಗುವ ದಕ್ಷಿಣಕ್ಕಲ್ಲ, ಪೂರ್ವಕ್ಕೆ ಮುಖ ಮಾಡಿ ಕೂಡಿಸಿದ್ದಾನೆ. ನನ್ನಲ್ಲೇ ಭೂಗೋಳ ಕಲಿತವನಿಗೆ ಸೂರ್ಯನ ದಾರಿ ತಿಳಿಯದೆ? ದಕ್ಷಿಣಕ್ಕೆ ತಿರುಗಿಸಲು ಬೇಕಾಗುವ ಹೆಚ್ಚಿನ ಚೌಕಟ್ಟಿನ ಕಬ್ಬಿಣ ಉಳಿಸಲೆಂದೇ ಮಾಡಿದ ಮೋಸವೆಂದು ಓಣಿಯವರೆದುರು ಗದರಿಸಿದೆ. “ತಪ್ಪಾತ್ರಿ ಸರ” ಎಂದಷ್ಟೇ ಹೇಳಿ ತಲೆ ತಗ್ಗಿಸಿದ. ಅಷ್ಟು ಬೇಗ ಒಪ್ಪಿಕೊಂಡದ್ದರಿಂದ ಸಂಶಯ ಹೆಚ್ಚಾಯಿತು. ಇನ್ನೇನು ಮುಚ್ಚಿಟ್ಟಿದ್ದಾನೋ ಎಂದು ಸಂಜೆಯವರೆಗೆ ತಂತಿಗಳನ್ನೆಲ್ಲ ಪರೀಕ್ಷಿಸಿದೆ, ದೋಷ ಸಿಗಲಿಲ್ಲ.

ಊಟಕ್ಕೆ ಬಡಿಸುತ್ತ ನನ್ನಾಕೆ ಸುಮಿತ್ರಾ ಬಾಯಿಬಿಟ್ಟಳು: “ಅಂವನ್ನ ಯಾಕ ಬೈದ್ರಿ? ದಕ್ಷಿಣ ಯಮನ ದಿಕ್ಕು, ಬ್ಯಾಡಪಾ, ಸರ್ ಮುಂದ ಹೇಳಬ್ಯಾಡ ಅಂತ ನಾನ ಆಣಿ ಮಾಡಿಸ್ಕೊಂಡಿದ್ನಿ.”

ವೀರು ಆಣೆ ಮುರಿಯಲಿಲ್ಲ. ನಾಳೆ ಅದೇ ಓಣಿಯಲ್ಲಿ ಅವನ ಕ್ಷಮೆ ಕೇಳಬೇಕು. ನಿವೃತ್ತನಾಗುವವರೆಗೆ ಯಾವ ವಿದ್ಯಾರ್ಥಿಯ ಮುಂದೆಯೂ ಆಡದ ಮಾತನ್ನು ಹೇಗೆ ಆರಂಭಿಸಲಿ…