ಅಲುಗದ ಸೊನ್ನೆ

ಕೋಲ್ಡ್ ಸ್ಟೋರೇಜಿನ ಕಂಪ್ಯೂಟರ್ ಕೋಣೆ,
ಸೋಮವಾರ, ೯ನೇ ತಾರೀಕು

ಪ್ರೀತಿಯ ಅಕ್ಕಾ,

ಇಲ್ಲಿ ಒಂದು ಯಂತ್ರ ಸುಳ್ಳು ಹೇಳುತ್ತಿದೆ, ಅದು ಸುಳ್ಳೆಂದು ತಿಳಿದವರು ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ. ಮೊದಲು ನಿನ್ನ ಕ್ಷೇಮ ಕೇಳಬೇಕಿತ್ತು, ತಪ್ಪಾಯಿತು. ಹೇಗಿದ್ದೀಯ? ಬೆನ್ನುನೋವು ಇಳಿಯಿತೇ? ಮನೆಯ ನಂಬರ್ ಕಂಡರೆ ನೀನು ಫೋನ್ ಎತ್ತುವುದಿಲ್ಲ. ಅದಕ್ಕೇ ಈ ಕಾಗದವನ್ನು ನಿಮ್ಮೂರಿಗೆ ಹೊರಟ ಲಾರಿಯವನ ಕೈಗೆ ಕೊಡುತ್ತಿದ್ದೇನೆ. ಅಮ್ಮ ಚೆನ್ನಾಗಿದ್ದಾಳೆ. ಅಪ್ಪ ಈಗಲೂ ಕಂಪ್ರೆಸರ್ ಕೋಣೆಯಲ್ಲೇ, ಮೊಣಕೈ ಹರಿದ ಅದೇ ಸ್ವೆಟರ್‌ನಲ್ಲೇ ಇದ್ದಾರೆ.

ಹೋದ ವಾರ ನಾನು ಕೆಲಸ ಮಾಡುವ ಇಲ್ಲಿನ ಕಂಪ್ಯೂಟರ್‌ಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದರು. ಕೋಣೆಗಳನ್ನು ತಂಪಾಗಿಡುವ ಆ ವಿಷದ ಗಾಳಿ, ಅಮೋನಿಯಾ, ಸೋರಿದರೆ ಗಂಟೆ ಬಾರಿಸಲೆಂದು ನೀನು ಇಲ್ಲಿದ್ದಾಗ ಬರೆದ ಪ್ರೋಗ್ರಾಂ ತೆರೆಯಲೇ ಇಲ್ಲ. ರಿಪೇರಿಯವನು ಏನೇನೋ ಒತ್ತಿ, "ಇದಕ್ಕೆ ಹೊಂದಾಣಿಕೆ ಮೋಡ್ ಅಂತಾರೆ. ನೀನಿನ್ನೂ ಹಳೇ ಮನೇಲೇ ಇದ್ದೀಯ ಅಂತ ಪ್ರೋಗ್ರಾಂನ ನಂಬಿಸೋದು, ಅಷ್ಟೇ" ಎಂದ. ತೆರೆಯಿತು. ಹಸಿರು ಬಣ್ಣ, ನಡುವೆ ಸೊನ್ನೆ. ಆದರೆ ಆ ಸೊನ್ನೆ ಅಲುಗುವುದೇ ಇಲ್ಲ ಅಕ್ಕಾ! ಮೊದಲೆಲ್ಲ ಏನೂ ಸೋರದಿದ್ದಾಗಲೂ ಒಂದು, ಎರಡು, ಮತ್ತೆ ಒಂದು ಎಂದು ಉಸಿರಾಡುತ್ತಿತ್ತು. ಅನುಮಾನ ಬಂದು, ಅಮೋನಿಯಾದಲ್ಲಿ ಅದ್ದಿದ ಬಟ್ಟೆಯನ್ನು ಗೋಡೆಯ ಸೆನ್ಸರ್‌ಗೆ ಹಿಡಿದೆ. ನನ್ನ ಕಣ್ಣಿಂದ ನೀರು ಸುರಿಯಿತು; ಪರದೆಯಲ್ಲಿ ಸೊನ್ನೆ, ಗಂಟೆ ತೆಪ್ಪಗಿತ್ತು. ಸೆನ್ಸರಿನ ಮಾತು ಹೊಸ ಸಿಸ್ಟಂಗೆ ತಿಳಿಯುತ್ತಿಲ್ಲ. ಸೆನ್ಸರಿನಿಂದ ಉತ್ತರ ಬರದಿದ್ದರೆ ಸೊನ್ನೆ ತೋರಿಸು ಎಂದು ಪ್ರೋಗ್ರಾಂನಲ್ಲಿ ಬರೆದವಳು ನೀನೇ. ಮೌನವೆಂದರೆ ಸಮ್ಮತಿ ಎಂದುಕೊಂಡೆಯಾ ಅಕ್ಕಾ, ನೀನೂ?

ಮ್ಯಾನೇಜರ್‌ಗೆ ಹೇಳಿದೆ. "ಪರದೆ ಹಸಿರಾಗಿದೆಯಲ್ಲಮ್ಮಾ ಕರಪತ್ರ! ನಿನ್ನ ಮೂಗು ನಂಬಲಾ, ಕಂಪ್ಯೂಟರ್ ನಂಬಲಾ?" ಎಂದು ನಕ್ಕರು. (ನಾನು ಕಾರ್ಮಿಕ ಸಂಘದ ಕರಪತ್ರ ಓದುವುದನ್ನು ಕಂಡು ಅವರು ಇಟ್ಟ ಹೆಸರು. ನನಗೆ ಹೆಮ್ಮೆಯೇ.) ಕೆಲಸಗಾರರನ್ನು ಕೇಳಿದರೆ, "ನಮಗೂ ಮೂಗಿದೆ ಬಿಡು, ವಾಸನೆ ಬಂದ್ರೆ ಓಡ್ತೀವಿ" ಅನ್ನುತ್ತಾರೆ. ಅಪ್ಪ ಮಾತ್ರ ತಲೆ ತಗ್ಗಿಸಿ, "ಸ್ವಲ್ಪ ಹೊಂದಿಕೊಂಡು ಹೋಗಮ್ಮಾ" ಎಂದರು. ನಿನಗೆ ಅವರು ಹೇಳಿದ್ದೂ ಇದೇ ಮಾತಲ್ಲವೇ, ನೀನು ಮನೆ ಬಿಟ್ಟ ದಿನ? ನಾನೀಗ ಬರೆದಿಡುತ್ತೇನೆ: ಹೊಂದಾಣಿಕೆಯೆಂದರೆ ಒಬ್ಬರ ಅನುಕೂಲಕ್ಕೆ ಇನ್ನೊಬ್ಬರು ಉಸಿರು ಬಿಟ್ಟುಕೊಡುವುದು.

ಶುಕ್ರವಾರ ಬೆಳಿಗ್ಗೆ ಎರಡನೇ ಕಂಪ್ರೆಸರ್ ಶುರುಮಾಡುತ್ತಾರಂತೆ. ಬಹುಕಾಲ ಬಳಸದೆ ಬಿಟ್ಟಿದ್ದ ಕೊಳವೆ. ಅದರ ಬೆಸುಗೆಯ ಮೇಲೆ ತುಕ್ಕು ಹೂಬಿಟ್ಟ ಹಾಗಿದೆ. ಗುಜರಿಗೆ ಎಸೆದಿದ್ದ ಹಳೆಯ ಕಂಪ್ಯೂಟರನ್ನು ನಾನು ಎತ್ತಿ ತಂದು ನಮ್ಮ ಮನೆಯ ಮೆಟ್ಟಿಲ ಕೆಳಗೆ ಇಟ್ಟಿದ್ದೇನೆ. ಒಳಗಿದ್ದದ್ದನ್ನೆಲ್ಲ ಅಳಿಸಿಬಿಟ್ಟಿದ್ದಾರೆ. ಹಳೆಯ ಸಿಸ್ಟಂ, ಪ್ರೋಗ್ರಾಂ ಎರಡನ್ನೂ ತುಂಬಿ ನೀನು ಜೊತೆಗೆ ಒಯ್ದ ಸಿಡಿ ಸಿಕ್ಕರೆ ಅದಕ್ಕೆ ಮತ್ತೆ ಜೀವ ಬರುತ್ತದೆ. ಆಮೇಲೆ ಅದನ್ನು ಸೆನ್ಸರ್‌ಗೆ ಜೋಡಿಸಿ ಮ್ಯಾನೇಜರ್ ಮೇಜಿನ ಮೇಲೆ ಇಡುವುದು ನನಗೆ ಬಿಡು.

ಅಮ್ಮ ಹೊತ್ತಿಗೆ ಸರಿಯಾಗಿ ಊಟ ಮಾಡು ಅನ್ನುತ್ತಾಳೆ. ನಾನು ಸಿಟ್ಟನ್ನೂ ಮುತ್ತನ್ನೂ ಒಂದೇ ಲಕೋಟೆಯಲ್ಲಿ ಕಳಿಸುತ್ತಿದ್ದೇನೆ.

ನಿನ್ನ ತಂಗಿ,
ಕರಪತ್ರ

ಮರೆತ ಮಾತು: ಲಾರಿಯವನು ಹಾರನ್ ಹೊಡೆಯುತ್ತಿದ್ದಾನೆ. ನೀನು ಹೋದ ಮೇಲೆ ಬಂದ ಒಂದು ಜ್ವರದ ನಂತರ ಅಪ್ಪನಿಗೆ ವಾಸನೆಯೇ ತಿಳಿಯುತ್ತಿಲ್ಲ ಅಕ್ಕಾ. ಹಾಲು ಹೊತ್ತಿ ತಳ ಕರಕಲಾದರೂ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದರು. ಕೆಲಸ ಹೋದೀತೆಂದು ಯಾರಿಗೂ ಹೇಳದಂತೆ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. ನಿನ್ನ ಗಂಟೆಯೇ ಅವರ ಮೂಗು; ಕಣ್ಣು ಉರಿಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಶುಕ್ರವಾರ ವಾಲ್ವ್ ತಿರುಗಿಸಲು ಒಳಗೆ ಹೋಗುವವರು ಅವರೊಬ್ಬರೇ. ಅವರ ಮುಖ ನೋಡಲು ಇಷ್ಟವಿಲ್ಲದಿದ್ದರೆ ನೋಡಬೇಡ, ಸಿಡಿ ಹಿಡಿದು ಬಾ. ಕೋಲ್ಡ್ ಸ್ಟೋರೇಜಿನ ಹಿಂದಿನ ಗೇಟಿನ ಹತ್ತಿರ ನಿಂತಿರುತ್ತೇನೆ, ಗುರುವಾರ ಮಧ್ಯಾಹ್ನ ಮೂರು ಗಂಟೆಗೆ.